ಹಗೇವಿನ ರಾಗಿ, ಹಡಗಿನ ಗೋಧಿ

ಆಧುನಿಕ ಅಮೆರಿಕದ ಇತಿಹಾಸವನ್ನು ಬರೆದವರು 1861ರಿಂದ 1865ರವರೆಗೆ ನಡೆದ ಅಂತರ್ಯುದ್ಧ, 1929ರ ಆರ್ಥಿಕ ಕುಸಿತ, ಎರಡನೆಯ ಮಹಾಯುದ್ಧ ಮತ್ತು ಅದರ ಬೆನ್ನಿಗೇ ಬಂದ ಶೀತಲ ಸಮರಗಳನ್ನು ಆ ದೇಶದ ದಿಕ್ಕು ಬದಲಿಸಿದ ಘಟ್ಟಗಳೆಂದು ಗುರುತಿಸುತ್ತಾರೆ. ಇವುಗಳಿಗೂ ತುಮಕೂರು ಜಿಲ್ಲೆಯ ಉತ್ತರ ಭಾಗದ ಖುಷ್ಕಿ ಸೀಮೆಗೂ, ಎಂದರೆ ಮಳೆಯನ್ನೇ ನೆಚ್ಚಿ ಬೇಸಾಯ ಮಾಡುವ ನೆಲಕ್ಕೂ, ಯಾವ ನಂಟೂ ಇಲ್ಲವೆಂದು ಮೇಲುನೋಟಕ್ಕೆ ತೋರುತ್ತದೆ. ಆದರೆ ಶಿಕ್ಷಣ ಇಲಾಖೆಯು ಇಂದು ಮಧುಗಿರಿ ಶೈಕ್ಷಣಿಕ ಜಿಲ್ಲೆಯೆಂದು ಒಂದುಗೂಡಿಸಿರುವ ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಅನ್ನದ ಚರಿತ್ರೆಯನ್ನು, ಪಟ್ಟನಾಯಕನಹಳ್ಳಿಯಂಥ ಊರುಗಳ ಬೇಸಾಯದ ಚರಿತ್ರೆಯನ್ನು ಹಿಂದಕ್ಕೆ ಹಿಡಿದು ಹೋದರೆ ಅಮೆರಿಕದ ಒಂದೊಂದು ತಿರುವೂ ಇಲ್ಲಿಯವರೆಗೆ ಬಂದು ಮುಟ್ಟಿದ್ದು ಕಾಣುತ್ತದೆ.

ಈ ಸೀಮೆಯ ಬದುಕು ನಿಂತಿದ್ದು ರಾಗಿಯ ಮೇಲೆ. ವರ್ಷಕ್ಕೆ ಸುಮಾರು 600 ಮಿಲಿಮೀಟರಿನ ಆಸುಪಾಸಿನಲ್ಲಿ ಬೀಳುವ, ಅದೂ ಹೇಳಿದ ಕಾಲಕ್ಕೆ ಬಾರದ ಮಳೆಯನ್ನು ನಂಬಿ ಕೆಂಪು ಮಣ್ಣಿನ ಹೊಲದಲ್ಲಿ ರಾಗಿಯನ್ನೂ, ಅದರ ನಡುನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಸಾಸಿವೆಗಳನ್ನೂ ಬಿತ್ತುತ್ತಿದ್ದ ರೈತನಿಗೆ ಒಳ್ಳೆಯ ಬೆಳೆಯ ವರ್ಷವೆಂದರೆ ಮುಂದಿನ ಬರಕ್ಕೆ ಕೂಡಿಡುವ ವರ್ಷವೆಂದೇ ಅರ್ಥವಾಗಿತ್ತು. ಕೂಡಿಡುವ ಜಾಗವನ್ನು ಹಗೇವು ಎನ್ನುತ್ತಾರೆ. ಗಟ್ಟಿ ನೆಲವನ್ನು ಅಗೆದು, ಬಾಯಿಯನ್ನು ಒಬ್ಬ ಆಳು ಇಳಿಯುವಷ್ಟು ಕಿರಿದಾಗಿಸಿ, ಒಳಭಾಗವನ್ನು ಗುಡಾಣದಂತೆ ಅಗಲಿಸಿ, ಗೋಡೆಗೂ ತಳಕ್ಕೂ ಒಣಹುಲ್ಲನ್ನು ಒತ್ತಿ, ರಾಗಿ ಸುರಿದ ಮೇಲೆ ಬಾಯಿಗೆ ಕಲ್ಲು ಚಪ್ಪಡಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ವರ್ಷಗಳ ನಂತರ ಅದನ್ನು ತೆರೆದಾಗ ತಕ್ಷಣ ಯಾರೂ ಇಳಿಯುತ್ತಿರಲಿಲ್ಲ. ಒಳಗೆ ಕಟ್ಟಿಕೊಂಡ ಕೆಟ್ಟ ಗಾಳಿ ಹೊರಹೋಗಲು ಬಿಟ್ಟು, ದೀಪವೊಂದನ್ನು ಇಳಿಬಿಟ್ಟು, ಅದು ಆರದೆ ಉರಿದರೆ ಮಾತ್ರ ಇಳಿಯುವುದು ವಾಡಿಕೆ. ಬೇರೆ ಧಾನ್ಯಗಳನ್ನು ಹುಳು ತಿಂದು ಹಾಕುವ ಕಾಲದಲ್ಲೂ ರಾಗಿ ಕೆಡದೆ ಉಳಿಯುತ್ತದೆಂಬ ಅನುಭವವೇ ಈ ವ್ಯವಸ್ಥೆಯ ಬುನಾದಿ.

ಹಗೇವೂ ಬರಿದಾಗುವಂಥ ಬರ ಬಂದದ್ದು 1876ರಿಂದ 1878ರವರೆಗೆ. ಸಂವತ್ಸರದ ಹೆಸರಿನಿಂದ ಜನರು ಧಾತು ಈಶ್ವರ ಬರವೆಂದು ಕರೆದ ಆ ಕ್ಷಾಮದಲ್ಲಿ ಮೈಸೂರು ಸಂಸ್ಥಾನ ಎಷ್ಟು ನುಗ್ಗಾಯಿತೆಂದರೆ, 1871ರ ಜನಗಣತಿಯಲ್ಲಿ 50,55,412 ಇದ್ದ ಜನಸಂಖ್ಯೆ 1881ರ ವೇಳೆಗೆ 41,86,188ಕ್ಕೆ ಇಳಿಯಿತು. ತುಮಕೂರು ಸೀಮೆಗೆ ಆಗ ಇನ್ನೂ ರೈಲು ಬಂದಿರಲಿಲ್ಲವಾದ್ದರಿಂದ ಹೊರಗಿನ ಧಾನ್ಯವನ್ನು ಗಾಡಿಯಲ್ಲೇ ತರಬೇಕಾಗಿತ್ತು, ಗಾಡಿ ಎಳೆಯುವ ಎತ್ತುಗಳೂ ಮೇವಿಲ್ಲದೆ ಸಾಯುತ್ತಿದ್ದವು.

ಅದೇ ದಶಕದಲ್ಲಿ ಅಮೆರಿಕದ ಬಯಲು ಪ್ರಾಂತ್ಯಗಳಲ್ಲಿ ಗೋಧಿ ಉಕ್ಕಿ ಹರಿಯುತ್ತಿತ್ತು. ಅದಕ್ಕೆ ಕಾರಣವಾದ ಕಾನೂನುಗಳು ಅಂತರ್ಯುದ್ಧದ ನಡುವೆ, 1862ರ ಒಂದೇ ಬೇಸಿಗೆಯಲ್ಲಿ ಹುಟ್ಟಿದವು. ಗುಲಾಮಗಿರಿಯ ಪರವಾಗಿದ್ದ ದಕ್ಷಿಣ ರಾಜ್ಯಗಳ ಪ್ರತಿನಿಧಿಗಳು ಸಂಸತ್ತನ್ನು ಬಿಟ್ಟು ಹೋಗಿದ್ದರಿಂದ ಬಹುಕಾಲ ತಡೆಹಿಡಿದಿದ್ದ ಮಸೂದೆಗಳು ಅಂಗೀಕಾರವಾದವು. ಐದು ವರ್ಷ ನೆಲೆಸಿ ಉಳುಮೆ ಮಾಡಿದವರಿಗೆ 160 ಎಕರೆ ನೆಲ ಕೊಡುವ ಹೋಂಸ್ಟೆಡ್ ಕಾಯಿದೆ, ಪೂರ್ವದಿಂದ ಪಶ್ಚಿಮ ಸಾಗರದವರೆಗಿನ ರೈಲು ಮಾರ್ಗದ ಕಾಯಿದೆ, ಮತ್ತು ಜುಲೈ 2ರಂದು ಅಬ್ರಹಾಂ ಲಿಂಕನ್ ಸಹಿ ಹಾಕಿದ ಮಾರಿಲ್ ಕಾಯಿದೆ. ಈ ಕೊನೆಯದು ಪ್ರತಿ ರಾಜ್ಯಕ್ಕೂ ಅದರ ಒಬ್ಬೊಬ್ಬ ಸಂಸತ್ ಸದಸ್ಯನ ಲೆಕ್ಕದಲ್ಲಿ 30,000 ಎಕರೆ ನೆಲ ನೀಡಿ, ಅದನ್ನು ಮಾರಿ ಬಂದ ಹಣದಿಂದ ಬೇಸಾಯವನ್ನೂ ಯಂತ್ರವಿದ್ಯೆಯನ್ನೂ ಕಲಿಸುವ ಕಾಲೇಜುಗಳನ್ನು ನಡೆಸುವಂತೆ ಮಾಡಿತು. ಇವಕ್ಕೆ ಭೂದಾನಿತ ಕಾಲೇಜುಗಳೆಂಬ ಹೆಸರು ಬಂತು. ದಾನವಾಗಿ ಕೊಟ್ಟ ಆ ನೆಲ ಮೂಲನಿವಾಸಿ ಬುಡಕಟ್ಟುಗಳಿಂದ ಒಪ್ಪಂದ, ಒತ್ತಾಯ, ಯುದ್ಧಗಳ ಮೂಲಕ ಕಿತ್ತುಕೊಂಡದ್ದೆಂಬುದನ್ನು ಮರೆತು ಈ ಕಾಯಿದೆಯನ್ನು ಕೊಂಡಾಡುವುದು ಇತಿಹಾಸಕ್ಕೆ ಮಾಡುವ ಅನ್ಯಾಯ.

ಎರಡನೆಯ ತಿರುವು 1930ರ ದಶಕದ್ದು. ಬೆಲೆ ಕುಸಿದು ರೈತರು ನೆಲ ಕಳೆದುಕೊಳ್ಳುತ್ತಿದ್ದಾಗ ಫ್ರಾಂಕ್ಲಿನ್ ರೂಸ್‌ವೆಲ್ಟ್ ಸರ್ಕಾರ 1933ರಲ್ಲಿ ಬೆಳೆ ಕಡಿಮೆ ಮಾಡುವವರಿಗೇ ಹಣ ಕೊಟ್ಟಿತು, ಬೆಳೆದು ನಿಂತ ಹತ್ತಿಯನ್ನು ಉತ್ತು ಹಾಕಿಸಿತು, ಸುಮಾರು 60 ಲಕ್ಷ ಹಂದಿಮರಿಗಳನ್ನು ಕೊಲ್ಲಿಸಿತು. ಬೆಳೆಯನ್ನೇ ಒತ್ತೆಯಾಗಿರಿಸಿಕೊಂಡು ಸಾಲ ಕೊಡುವ, ಬೆಲೆ ಏರದಿದ್ದರೆ ಆ ಬೆಳೆಯನ್ನು ತಾನೇ ಇಟ್ಟುಕೊಳ್ಳುವ ಸರ್ಕಾರಿ ನಿಗಮವೂ ಆ ವರ್ಷವೇ ಸ್ಥಾಪನೆಯಾಯಿತು. ಎರಡನೆಯ ಮಹಾಯುದ್ಧ ಮುಗಿದು ಯೂರೋಪಿನ ಹೊಲಗಳು ಮತ್ತೆ ಹಸಿರಾದ ಮೇಲೆ ಆ ನಿಗಮದ ಉಗ್ರಾಣಗಳು ತುಂಬಿ ತುಳುಕಿದವು. ಒಂದು ಕಡೆ ಬರಕ್ಕೆಂದು ನೆಲದಡಿ ಹೂತಿಟ್ಟ ಹಗೇವು, ಇನ್ನೊಂದು ಕಡೆ ಬೆಲೆ ಬೀಳದಿರಲೆಂದು ಬೀಗ ಹಾಕಿದ ಉಗ್ರಾಣ: ಎರಡೂ ಧಾನ್ಯದ ಸಂಗ್ರಹಗಳೇ ಆದರೂ ಮೊದಲನೆಯದು ಹಸಿವಿನ ಭಯದಿಂದ ಹುಟ್ಟಿತು, ಎರಡನೆಯದು ಹೆಚ್ಚಳದ ಭಯದಿಂದ.

ಆ ಹೆಚ್ಚಳಕ್ಕೆ ದಾರಿ ತೋರಿಸಿದ್ದು ಶೀತಲ ಸಮರ. 1954ರ ಜುಲೈ 10ರಂದು ಅಧ್ಯಕ್ಷ ಐಸೆನ್‌ಹೋವರ್ ಸಹಿ ಮಾಡಿದ 480ನೆಯ ಸಾರ್ವಜನಿಕ ಕಾನೂನು, ಪತ್ರಿಕೆಗಳ ಭಾಷೆಯಲ್ಲಿ ಪಿಎಲ್ 480, ಡಾಲರ್ ಇಲ್ಲದ ದೇಶಗಳು ತಮ್ಮ ನಾಣ್ಯದಲ್ಲೇ ಅಮೆರಿಕದ ಧಾನ್ಯ ಕೊಳ್ಳಲು ಅವಕಾಶ ಕೊಟ್ಟಿತು. ಭಾರತ 1956ರಲ್ಲಿ ಮೊದಲ ಒಪ್ಪಂದ ಮಾಡಿಕೊಂಡಿತು. 1960ರ ಮೇ ತಿಂಗಳಲ್ಲಿ ಆಹಾರ ಸಚಿವ ಎಸ್. ಕೆ. ಪಾಟೀಲರು 1 ಕೋಟಿ 60 ಲಕ್ಷ ಟನ್ ಗೋಧಿ ಮತ್ತು 10 ಲಕ್ಷ ಟನ್ ಅಕ್ಕಿಯ ಒಪ್ಪಂದಕ್ಕೆ ಸಹಿ ಹಾಕಿದರು. 1965 ಮತ್ತು 1966ರಲ್ಲಿ ಸತತವಾಗಿ ಮಳೆ ಕೈಕೊಟ್ಟಿತು. ಮೊದಲ ವರ್ಷವೇ, ವಾರಕ್ಕೊಂದು ಹೊತ್ತು ಊಟ ಬಿಡಿರೆಂದು ಪ್ರಧಾನಿ ಲಾಲ್ ಬಹಾದೂರ್ ಶಾಸ್ತ್ರಿಯವರು ದೇಶವನ್ನು ಕೇಳಿಕೊಂಡಿದ್ದರು. 1966ರಲ್ಲಿ ದೇಶಕ್ಕೆ ಆಮದಾದ ಧಾನ್ಯ ಒಂದು ಕೋಟಿ ಟನ್ನನ್ನು ಮೀರಿತು, ಅದರ ಬಹುಪಾಲು ಅಮೆರಿಕದ್ದು. ವಿಯೆಟ್ನಾಂ ಯುದ್ಧವನ್ನು ಭಾರತ ಟೀಕಿಸುತ್ತಿದ್ದುದರಿಂದ ಕೆರಳಿದ್ದ ಅಧ್ಯಕ್ಷ ಲಿಂಡನ್ ಜಾನ್ಸನ್ ವರ್ಷದ ಧಾನ್ಯಕ್ಕೆ ಒಟ್ಟಿಗೆ ಒಪ್ಪಿಗೆ ಕೊಡದೆ ತಿಂಗಳು ತಿಂಗಳಿಗೆ ಅಳೆದು ಬಿಡುತ್ತಿದ್ದರು. ಹಸಿದ ದೇಶವೊಂದನ್ನು ಹೀಗೆ ಕಾಯಿಸಿದ್ದು ಅಧಿಕಾರದ ದುರುಪಯೋಗವೆಂದೇ ಹೇಳಬೇಕು. ಆ ಹಡಗುಗಳು ಬಾರದಿದ್ದರೆ ಸಾಯುತ್ತಿದ್ದವರ ಎಣಿಕೆ ದೊಡ್ಡದಾಗುತ್ತಿತ್ತೆಂಬುದೂ ಅಷ್ಟೇ ನಿಜ.

ಹಳೆಯ ಮೈಸೂರಿನ ಹಳ್ಳಿಗಳು ಈ ಧಾನ್ಯವನ್ನು ಎರಡು ದಾರಿಯಲ್ಲಿ ಕಂಡವು. ಒಂದು, ಪಡಿತರದ ಅಂಗಡಿಯಲ್ಲಿ ಸಿಗುತ್ತಿದ್ದ ಗೋಧಿ ಮತ್ತು ಕೆಂಪು ಜೋಳ. ಮುದ್ದೆಗೆ ಒಗ್ಗಿದ ಬಾಯಿಗೆ ಗೋಧಿಯ ಅಡುಗೆ ಹೊಸದು. ರೊಟ್ಟಿ ತಟ್ಟಲು ಬಾರದ, ಚಪಾತಿ ಲಟ್ಟಿಸುವ ಮಣೆಯಿಲ್ಲದ ಮನೆಗಳಲ್ಲಿ ಅದನ್ನು ಒಡೆದು ನುಚ್ಚು ಮಾಡಿ ಅನ್ನದಂತೆ ಬೇಯಿಸಿದರು, ಹಿಟ್ಟು ಮಾಡಿ ರಾಗಿಯೊಂದಿಗೆ ಬೆರೆಸಿದರು. ಇನ್ನೊಂದು ದಾರಿ ಶಾಲೆಯದು. ಯುದ್ಧದಲ್ಲಿ ನೊಂದ ಯೂರೋಪಿಗೆ ಆಹಾರದ ಪೊಟ್ಟಣ ಕಳಿಸಲು 1945ರಲ್ಲಿ ಅಮೆರಿಕದ 22 ಸಂಘಟನೆಗಳು ಕೂಡಿ ಕಟ್ಟಿದ ಕೇರ್ ಎಂಬ ಸಂಸ್ಥೆ, 1960ರ ದಶಕದಲ್ಲಿ ಮೈಸೂರು ರಾಜ್ಯದ ಪ್ರಾಥಮಿಕ ಶಾಲೆಗಳಿಗೆ ಹಾಲಿನ ಪುಡಿ, ಗೋಧಿ ನುಚ್ಚು, ಸೋಯಾ ಎಣ್ಣೆ ಮತ್ತು ಮೆಕ್ಕೆಜೋಳ, ಸೋಯಾ, ಹಾಲಿನ ಪುಡಿ ಬೆರೆಸಿದ ಹಳದಿ ಹಿಟ್ಟನ್ನು ಒದಗಿಸಿತು. ಅದರಿಂದ ಮಾಡಿದ್ದೇ ಒಂದು ತಲೆಮಾರು ಇಂದಿಗೂ ನೆನೆಯುವ ಕೇರ್ ಉಪ್ಪಿಟ್ಟು. ಶಾಲೆಯ ಹಿಂದೆ ಮೂರು ಕಲ್ಲಿನ ಒಲೆಯ ಮೇಲೆ ಹಂಡೆಯಲ್ಲಿ ಕುದಿಯುತ್ತಿದ್ದ ಆ ಹಳದಿ ಉಪ್ಪಿಟ್ಟನ್ನು ಮುತ್ತುಗದ ಎಲೆಯಲ್ಲೋ ಮನೆಯಿಂದ ತಂದ ತಟ್ಟೆಯಲ್ಲೋ ಹಾಕಿಸಿಕೊಳ್ಳುತ್ತಿದ್ದ ಮಕ್ಕಳಿಗೆ, ಚೀಲದ ಮೇಲೆ ಅಚ್ಚಾಗಿದ್ದ ಕೈ ಕುಲುಕುವ ಎರಡು ಹಸ್ತಗಳ ಚಿತ್ರವೇ ಅಮೆರಿಕದ ಮೊದಲ ಪರಿಚಯ. ಎಷ್ಟೋ ಬಡಮಕ್ಕಳು ಶಾಲೆಗೆ ಬಂದದ್ದು, ಉಳಿದದ್ದು ಆ ಉಪ್ಪಿಟ್ಟಿನ ಬಲದಿಂದ.

ಗೋಧಿಯೊಂದಿಗೆ ಬಂತೆಂದು ಜನ ನಂಬಿರುವ ಇನ್ನೊಂದು ವಸ್ತು ಪಾರ್ಥೇನಿಯಂ, ಊರಿನ ಮಾತಿನಲ್ಲಿ ಕಾಂಗ್ರೆಸ್ ಗಿಡ. 1950ರ ದಶಕದ ನಡುವಿನಲ್ಲಿ ಪುಣೆಯಲ್ಲಿ ಗುರುತಿಸಲಾದ ಈ ಕಳೆ ಬೀಳುಭೂಮಿ, ರಸ್ತೆಯಂಚು, ಹೊಲದ ಬದುಗಳನ್ನೆಲ್ಲ ಆಕ್ರಮಿಸಿ, ಮೈಗೆ ತುರಿಕೆಯನ್ನೂ ಉಸಿರಿಗೆ ಉಬ್ಬಸವನ್ನೂ ತಂದಿತು. ಕರ್ನಾಟಕ ಸರ್ಕಾರ 1975ರಲ್ಲಿ ಇದನ್ನು ಉಪದ್ರವಕಾರಿ ಕಳೆಯೆಂದು ಘೋಷಿಸಬೇಕಾಯಿತು. ಪುಣೆಯಲ್ಲಿ ಗುರುತಿಸಿದ್ದಕ್ಕೂ ಬಹಳ ಹಿಂದಿನ ಮಾದರಿಗಳು ಸಸ್ಯ ಸಂಗ್ರಹಗಳಲ್ಲಿ ಸಿಕ್ಕಿರುವುದರಿಂದ ಎಲ್ಲ ಹೊಣೆಯನ್ನೂ ಗೋಧಿಯ ಹಡಗಿನ ಮೇಲೆ ಹೊರಿಸುವುದು ಸರಿಯಲ್ಲ.

ಮಾರಿಲ್ ಕಾಯಿದೆ ಕರ್ನಾಟಕವನ್ನು ತಲುಪಲು ನೂರೆರಡು ವರ್ಷ ಹಿಡಿಯಿತು. ಬೋಧನೆ, ಸಂಶೋಧನೆ, ಹಳ್ಳಿಗೆ ಹೋಗಿ ತಿಳಿಸುವ ವಿಸ್ತರಣೆ ಮೂರನ್ನೂ ಒಂದೇ ಸೂರಿನಡಿ ತರುವ ಭೂದಾನಿತ ಕಾಲೇಜಿನ ಮಾದರಿಯಲ್ಲಿ, ಟೆನೆಸೀ ವಿಶ್ವವಿದ್ಯಾನಿಲಯದ ನೆರವಿನಿಂದ, 1964ರಲ್ಲಿ ಬೆಂಗಳೂರಿನಲ್ಲಿ ಕೃಷಿ ವಿಶ್ವವಿದ್ಯಾನಿಲಯ ಆರಂಭವಾಯಿತು. ಆ ಕಾಲದ ಹಸಿರು ಕ್ರಾಂತಿ ನೀರಾವರಿಯ ಗೋಧಿ, ಭತ್ತಗಳ ಕ್ರಾಂತಿ. ಶಿರಾ, ಪಾವಗಡಗಳ ಖುಷ್ಕಿ ಹೊಲಕ್ಕೆ ಅದರಿಂದ ಸಿಕ್ಕಿದ್ದು ಕಡಿಮೆ. ಈ ಹೊಲಗಳ ಕೈಹಿಡಿದವರು ರಾಗಿ ಲಕ್ಷ್ಮಣಯ್ಯ ಎಂದೇ ಹೆಸರಾದ ಸಿ. ಎಚ್. ಲಕ್ಷ್ಮಣಯ್ಯನವರು. ಮಂಡ್ಯದ ವಿ.ಸಿ. ಫಾರಂನಲ್ಲಿ ಭಾರತದ ರಾಗಿಯನ್ನು ಆಫ್ರಿಕಾದ ರಾಗಿಯೊಂದಿಗೆ ಸಂಕರಗೊಳಿಸಿ ಅವರು ರೂಪಿಸಿದ ತಳಿಗಳಿಗೆ ಇಂಡಿಯಾ, ಆಫ್ರಿಕಾಗಳ ಮೊದಲಕ್ಷರಗಳು ಸೇರಿ ಇಂಡಾಫ್ ಎಂಬ ಹೆಸರಾಯಿತು, ರಾಗಿಯ ಇಳುವರಿ ಹಿಂದೆಂದೂ ಕಾಣದಷ್ಟು ಏರಿತು. ಅಮೆರಿಕದ ಯಾವ ನೆರವಿಗಿಂತಲೂ ಹೆಚ್ಚು ಕಾಲ ಈ ಸೀಮೆಯ ಮುದ್ದೆಯನ್ನು ಉಳಿಸಿದ ಈ ವಿಜ್ಞಾನಿಗೆ ಸಲ್ಲಬೇಕಾದ ಗೌರವ ಇನ್ನೂ ಪೂರ್ತಿ ಸಂದಿಲ್ಲ.

ಗೋಧಿಗೆಂದು ಭಾರತ ಕಟ್ಟಿದ ರೂಪಾಯಿಗಳು ಇಲ್ಲಿಯೇ ಬೆಳೆಯುತ್ತಾ ಹೋಗಿ, 1974ರ ಫೆಬ್ರವರಿಯಲ್ಲಿ ಅಮೆರಿಕದ ರಾಯಭಾರಿ ಡೇನಿಯಲ್ ಮೊಯ್ನಿಹನ್ 1,664 ಕೋಟಿ ರೂಪಾಯಿಯ ಚೆಕ್ಕನ್ನು ಭಾರತ ಸರ್ಕಾರಕ್ಕೇ ಹಿಂದಿರುಗಿಸುವುದರೊಂದಿಗೆ ಆ ಲೆಕ್ಕ ಮುಗಿಯಿತು. ಶಾಲೆಯ ಬಿಸಿಯೂಟ 2002ರಿಂದ ಅಕ್ಷರ ದಾಸೋಹವೆಂಬ ಹೆಸರಿನಲ್ಲಿ ಹಂತಹಂತವಾಗಿ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಬಂತು, 2013ರಲ್ಲಿ ಕ್ಷೀರಭಾಗ್ಯದ ಹಾಲು ಸೇರಿತು. 2024ರ ಫೆಬ್ರವರಿಯಿಂದ ಆ ಹಾಲಿಗೆ, ಆರಂಭದಲ್ಲಿ ವಾರಕ್ಕೆ ಮೂರು ದಿನ, ರಾಗಿ ಮಾಲ್ಟನ್ನು ಬೆರೆಸಿ ಮಕ್ಕಳಿಗೆ ಕೊಡಲಾಗುತ್ತಿದೆ.