ರೇಡಿಯೊ ಗದ್ದಲದ ಮೂಲವನ್ನು ಹುಡುಕುವ ಕೈ ಆಂಟೆನಾಗಳು

2004ರ ಅಕ್ಟೋಬರ್ ತಿಂಗಳಿನಲ್ಲಿ ಅಮೆರಿಕದ ಆರೆಗನ್ ರಾಜ್ಯದ ಕೊರ್ವಾಲಿಸ್ ಎಂಬ ಊರಿನಿಂದ ಹೊರಟ ಅಪಾಯದ ಸಂಕೇತವೊಂದನ್ನು ಉಪಗ್ರಹವು ಗ್ರಹಿಸಿತು. ಆ ಸಂಕೇತವಿದ್ದುದು 121.5 ಮೆಗಾಹರ್ಟ್ಸ್ ಕಂಪನಾಂಕದಲ್ಲಿ. ಅಪಘಾತಕ್ಕೀಡಾದ ವಿಮಾನಗಳೂ ದೋಣಿಗಳೂ ನೆರವು ಕೋರಲು ಬಳಸುತ್ತಿದ್ದ ಕಂಪನಾಂಕವದು. ಶೋಧಕರು ಅದರ ಜಾಡು ಹಿಡಿದು ಬಂದು ನಿಂತದ್ದು ವಿದ್ಯಾರ್ಥಿಯೊಬ್ಬನ ಮನೆಯ ಬಾಗಿಲಿನಲ್ಲಿ. ಒಳಗೆ ಆಪತ್ತಿನಲ್ಲಿ ಸಿಲುಕಿದವರು ಯಾರೂ ಇರಲಿಲ್ಲ. ದೋಷವುಳ್ಳ ಟೆಲಿವಿಷನ್ ಒಂದಿತ್ತು, ಅಷ್ಟೆ. ಅದನ್ನು ಆರಿಸಿದೊಡನೆ ‘ಅಪಾಯ’ವೂ ಮುಗಿಯಿತು.

ಈ ಪ್ರಸಂಗ ನಗು ಬರಿಸುವಂಥದ್ದಾದರೂ ಅದರ ಹಿಂದಿರುವ ಪ್ರಶ್ನೆ ಗಂಭೀರವಾದುದು. ಅದೇ ಹೊತ್ತಿಗೆ ಅದೇ ಸೀಮೆಯಲ್ಲಿ ನಿಜವಾಗಿಯೂ ವಿಮಾನವೊಂದು ಬಿದ್ದಿದ್ದರೆ ಅದರ ಕ್ಷೀಣ ಕರೆ ಈ ಗದ್ದಲದಲ್ಲಿ ಮುಳುಗಿಹೋಗಬಹುದಿತ್ತು. ಆ ಕಾಲದ ಉಪಗ್ರಹ ವ್ಯವಸ್ಥೆಯು 121.5 ಮೆಗಾಹರ್ಟ್ಸ್ ಸಂಕೇತದ ನೆಲೆಯನ್ನು ಸುಮಾರು 20 ಕಿಲೋಮೀಟರುಗಳ ನಿಖರತೆಯಿಂದ ಮಾತ್ರ ಹೇಳಬಲ್ಲುದಾಗಿತ್ತು. ಊರಿನಿಂದ ಕಟ್ಟಡಕ್ಕೆ, ಕಟ್ಟಡದಿಂದ ಕೋಣೆಗೆ ಬರಬೇಕಾದರೆ ನೆಲದ ಮೇಲೆಯೇ ದಿಕ್ಕುಶೋಧನೆ ನಡೆಯಬೇಕು. ಹವ್ಯಾಸಿ ರೇಡಿಯೊ ಪರವಾನಗಿ ಪಡೆದು ಅಮೆರಿಕದಲ್ಲಿ ನೆಲೆಸಿರುವ ನನಗೆ ಈ ಕೆಲಸದಲ್ಲಿ ಬಹಳ ದಿನಗಳ ಆಸಕ್ತಿ. ಅದರ ಉಪಕರಣಗಳನ್ನೂ ಅವನ್ನು ಬಳಸುವ ಕ್ರಮವನ್ನೂ ಇಲ್ಲಿ ವಿವರಿಸುತ್ತೇನೆ.

ಗದ್ದಲ ಹುಟ್ಟುವ ಬಗೆ

ಪಕ್ಕದ ಮನೆಯಲ್ಲಿ ಮಿಕ್ಸಿ ತಿರುಗಿದೊಡನೆ ರೇಡಿಯೊ ‘ಗರ್ರ್’ ಎಂದು ಚೀರುತ್ತಿದ್ದುದನ್ನು ನಮ್ಮಲ್ಲಿ ಹಲವರು ಕೇಳಿದ್ದೇವೆ. ಮೋಟಾರಿನ ಬ್ರಷ್‌ಗಳಲ್ಲಿ ಹಾರುವ ಕಿಡಿಗಳೇ ಅದಕ್ಕೆ ಕಾರಣ. ವಿದ್ಯುತ್ ಕಿಡಿ ಯಾವ ಒಂದು ಕಂಪನಾಂಕಕ್ಕೂ ಕಟ್ಟುಬೀಳದೆ ಬಹು ವಿಸ್ತಾರವಾದ ಪಟ್ಟಿಯಲ್ಲಿ ರೇಡಿಯೊ ತರಂಗಗಳನ್ನು ಚೆಲ್ಲುತ್ತದೆ. ವಿದ್ಯುತ್ ಕಂಬದ ಮೇಲೆ ಸಡಿಲಗೊಂಡ ಲೋಹದ ಭಾಗಗಳ ನಡುವೆಯೂ ಇಂಥ ಕಿಡಿಗಳು ಹಾರುತ್ತವೆ. ಪರ್ಯಾಯ ವಿದ್ಯುತ್ತಿನ ಪ್ರತಿ ಆವರ್ತದಲ್ಲಿ ಎರಡು ಸಲ ಕಿಡಿ ಹೊಮ್ಮುವುದರಿಂದ ಅಮೆರಿಕದಲ್ಲಿ ಈ ಗದ್ದಲ ಸೆಕೆಂಡಿಗೆ 120 ಸಲ, ಭಾರತದಲ್ಲಿ 100 ಸಲ ಮಿಡಿಯುತ್ತದೆ. ಅಭ್ಯಾಸವಾದ ಕಿವಿ ಈ ಝೇಂಕಾರವನ್ನು ಕೂಡಲೇ ಗುರುತಿಸುತ್ತದೆ.

ಎರಡನೆಯ ವರ್ಗ ಇಂದಿನ ಮನೆಗಳದ್ದು. ಮೊಬೈಲ್ ಚಾರ್ಜರ್, ಎಲ್‌ಇಡಿ ದೀಪ, ಲ್ಯಾಪ್‌ಟಾಪಿನ ಅಡಾಪ್ಟರ್, ಸೌರಫಲಕದ ಇನ್ವರ್ಟರ್ ಇವೆಲ್ಲ ವಿದ್ಯುತ್ತನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕಡಿದು ಜೋಡಿಸಿ ಕೆಲಸ ಮಾಡುತ್ತವೆ. ತಕ್ಕ ಶೋಧಕ ಮಂಡಲ ಒಳಗಿಲ್ಲದಿದ್ದರೆ ಗೋಡೆಯ ತಂತಿಗಳೇ ಆಂಟೆನಾಗಳಾಗಿ ಗದ್ದಲವನ್ನು ಹೊರಗೆ ಸಾರುತ್ತವೆ. ರೇಡಿಯೊದಲ್ಲಿ ಇದು ಸಮಾನ ಅಂತರಗಳಲ್ಲಿ ಮತ್ತೆ ಮತ್ತೆ ಎದುರಾಗುವ ಒರಟು ಗುಂಯ್‌ಗುಡುವಿಕೆಯಾಗಿ ಕೇಳಿಸುತ್ತದೆ.

ದಿಕ್ಕು ತೋರುವ ಮೌನ

ಅತ್ಯಂತ ಸರಳವಾದ ದಿಕ್ಕುಶೋಧಕ ಬಹುತೇಕ ಎಲ್ಲ ಹಳೆಯ ಮನೆಗಳಲ್ಲಿಯೂ ಇತ್ತು. ಧಾರವಾಡವನ್ನೋ ಬೆಂಗಳೂರನ್ನೋ ಸ್ಪಷ್ಟವಾಗಿ ಕೇಳಲು ಟ್ರಾನ್ಸಿಸ್ಟರನ್ನು ಅತ್ತಿತ್ತ ತಿರುಗಿಸುತ್ತಿದ್ದವರೆಲ್ಲ ಅರಿಯದೆಯೇ ದಿಕ್ಕುಶೋಧನೆ ಮಾಡುತ್ತಿದ್ದರು. ಮಧ್ಯಮ ತರಂಗಗಳನ್ನು ಹಿಡಿಯಲು ಅದರೊಳಗೆ ಫೆರೈಟ್ ಎಂಬ ಕಾಂತೀಯ ವಸ್ತುವಿನ ಕಡ್ಡಿಯೊಂದಿದ್ದು, ಅದಕ್ಕೆ ತಂತಿ ಸುತ್ತಿರುತ್ತದೆ. ಕಡ್ಡಿಯ ಪಕ್ಕ ನಿಲಯದ ಕಡೆಗಿದ್ದಾಗ ಧ್ವನಿ ಹೆಚ್ಚು. ಕಡ್ಡಿಯ ತುದಿ ನಿಲಯದತ್ತ ನೆಟ್ಟಾಗ ಧ್ವನಿ ಉಡುಗುತ್ತದೆ.

ಹುಡುಕುವವನು ನಂಬಬೇಕಾದುದು ಗಟ್ಟಿಯಾದ ಧ್ವನಿಯನ್ನಲ್ಲ, ಈ ಮೌನವನ್ನು. ಗರಿಷ್ಠ ದಿಕ್ಕಿನಿಂದ 30 ಡಿಗ್ರಿಗಳಷ್ಟು ಸರಿದರೂ ಕಡ್ಡಿಯಲ್ಲಿ ಹುಟ್ಟುವ ವೋಲ್ಟೇಜು ಸುಮಾರು ಶೇಕಡಾ 13ರಷ್ಟು ಮಾತ್ರ ಇಳಿಯುತ್ತದೆ. ಕಿವಿಗೆ ಆ ವ್ಯತ್ಯಾಸ ತಿಳಿಯುವುದೇ ಕಷ್ಟ. ಮೌನದ ದಿಕ್ಕಿನ ಬಳಿಯಲ್ಲಾದರೋ 5 ಡಿಗ್ರಿಯಿಂದ 10 ಡಿಗ್ರಿಗೆ ಸರಿಯುವಷ್ಟರಲ್ಲಿ ಸಂಕೇತ ಇಮ್ಮಡಿಯಾಗುತ್ತದೆ. ಕೈಯಲ್ಲಿ ಹಿಡಿಯುವ ಬಳೆಯಾಕಾರದ ಲೂಪ್ ಆಂಟೆನಾಗಳೂ ಇದೇ ನಿಯಮದಿಂದ ಕೆಲಸ ಮಾಡುತ್ತವೆ. ಬಳೆಯ ಅಗಲವಾದ ಮುಖ ಮೂಲದ ಕಡೆಗೆ ತಿರುಗಿದಾಗ ಅಲ್ಲಿ ಮೌನ. ಇವುಗಳ ಕೊರತೆ ಒಂದೇ: ಮೂಲ ಮುಂದಿದೆಯೋ ಹಿಂದಿದೆಯೋ ಎಂಬುದನ್ನು ಇವು ಹೇಳಲಾರವು. ಆದ್ದರಿಂದ ಎರಡು ಮೂರು ಬೇರೆ ಬೇರೆ ಜಾಗಗಳಲ್ಲಿ ನಿಂತು ದಿಕ್ಕು ನೋಡಿ, ನಕ್ಷೆಯ ಮೇಲೆ ಗೆರೆ ಎಳೆದು, ಅವು ಕೂಡುವ ಸ್ಥಳವನ್ನು ಗುರುತಿಸಬೇಕು.

ಯಾಗಿ ಆಂಟೆನಾ

ಹೆಚ್ಚಿನ ಕಂಪನಾಂಕಗಳಿಗೆ ಒಪ್ಪುವುದು ಯಾಗಿ ಆಂಟೆನಾ. ಹಿಂದೆ ಮನೆಗಳ ಸೂರಿನ ಮೇಲೆ ದೂರದರ್ಶನಕ್ಕಾಗಿ ನಿಲ್ಲಿಸುತ್ತಿದ್ದ, ಮೀನಿನ ಮುಳ್ಳಿನಂಥ ಆಕೃತಿ ಇದೇ. ಜಪಾನಿನ ಸೆಂಡೈ ನಗರದ ತೊಹೊಕು ವಿಶ್ವವಿದ್ಯಾಲಯದಲ್ಲಿ ಶಿಂತಾರೊ ಉದಾ ಮತ್ತು ಹಿದೆತ್ಸುಗು ಯಾಗಿ ಅವರು 1920ರ ದಶಕದಲ್ಲಿ ಇದನ್ನು ರೂಪಿಸಿದರು. ಹಿಂದಿನ ಉದ್ದನೆಯ ಸರಳು ತರಂಗವನ್ನು ಪ್ರತಿಫಲಿಸುತ್ತದೆ, ಮುಂದಿನ ಗಿಡ್ಡ ಸರಳು ಅದಕ್ಕೆ ದಿಕ್ಕು ಕೊಡುತ್ತದೆ, ನಡುವಿನ ಸರಳು ಅದನ್ನು ಗ್ರಾಹಕಕ್ಕೆ ಒಪ್ಪಿಸುತ್ತದೆ. ಇದು ಮುಂದು ಹಿಂದುಗಳನ್ನು ಬೇರ್ಪಡಿಸಿ ತೋರುವುದರಿಂದ ಲೂಪಿನ ಸಂದಿಗ್ಧ ಇಲ್ಲಿಲ್ಲ. ನಾಗರಹೊಳೆಯ ಹುಲಿಗಳಿಗೆ ಡಾ. ಉಲ್ಲಾಸ ಕಾರಂತರು ರೇಡಿಯೊ ಕಾಲರ್ ತೊಡಿಸಿ 1990ರ ದಶಕದಲ್ಲಿ ನಡೆಸಿದ ಅಧ್ಯಯನದ ಹಿಂದೆಯೂ ದಿಕ್ಕುಶೋಧನೆಯ ಈ ತತ್ತ್ವವೇ ಇದೆ.

ಹವ್ಯಾಸಿಗಳಲ್ಲಿ ಜನಪ್ರಿಯವಾಗಿರುವ ಒಂದು ರೂಪವನ್ನು ಉಕ್ಕಿನ ಅಳತೆ ಟೇಪಿನ ತುಂಡುಗಳಿಂದಲೂ ನೀರಿನ ಪಿವಿಸಿ ಪೈಪಿನಿಂದಲೂ ಮನೆಯಲ್ಲೇ ಮಾಡಿಕೊಳ್ಳಬಹುದು. ಸುಮಾರು 146 ಮೆಗಾಹರ್ಟ್ಸ್‌ಗೆ ಹೊಂದುವ ಇದರಲ್ಲಿ ಹಿಂದಿನ ಸರಳು ಸುಮಾರು 105 ಸೆಂಟಿಮೀಟರ್, ಮುಂದಿನದು ಸುಮಾರು 89 ಸೆಂಟಿಮೀಟರ್. ಇವುಗಳ ನಡುವಿನ ಅಂತರ ಸುಮಾರು 52 ಸೆಂಟಿಮೀಟರ್. ಪೊದೆಗಳ ನಡುವೆ ನುಸುಳುವಾಗ ಟೇಪು ಬಾಗಿ ಮತ್ತೆ ನೆಟ್ಟಗಾಗುತ್ತದೆ, ಮುರಿಯುವುದಿಲ್ಲ. ವೃತ್ತಿಪರರಾದರೆ ಒಂದೇ ಆಂಟೆನಾದಲ್ಲಿ ನೂರಾರು ಮೆಗಾಹರ್ಟ್ಸ್‌ಗಳಿಂದ ಹಲವು ಗಿಗಾಹರ್ಟ್ಸ್‌ಗಳವರೆಗೆ ವ್ಯಾಪಿಸುವ ಲಾಗ್-ಪೀರಿಯಾಡಿಕ್ ಆಂಟೆನಾವನ್ನು ಕೈಯಲ್ಲಿ ಹಿಡಿಯುವ ಸ್ಪೆಕ್ಟ್ರಮ್ ಅನಲೈಸರಿಗೆ ಜೋಡಿಸುತ್ತಾರೆ.

ಹಾಗಾದರೆ ಎಲ್ಲ ಕೆಲಸಕ್ಕೂ ಯಾಗಿಯನ್ನೇ ಏಕೆ ಬಳಸಬಾರದು? ಅದರ ಸರಳುಗಳು ತರಂಗದೂರದ ಅರ್ಧದಷ್ಟಿರಬೇಕು. 146 ಮೆಗಾಹರ್ಟ್ಸ್‌ನಲ್ಲಿ ಅದು ಒಂದು ಮೀಟರು. ಮಧ್ಯಮ ತರಂಗದ 1 ಮೆಗಾಹರ್ಟ್ಸ್‌ನಲ್ಲಿ 150 ಮೀಟರು! ಕೆಳಗಿನ ಕಂಪನಾಂಕಗಳಿಗೆ ಲೂಪನ್ನೇ ಆಶ್ರಯಿಸಬೇಕು.

ಸಮೀಪಿಸಿದಂತೆ ಕುಗ್ಗಿಸಬೇಕು

ಈ ಕೆಲಸದ ದೊಡ್ಡ ತೊಡಕು ಗುರಿ ಹತ್ತಿರವಾದಾಗ ಎದುರಾಗುತ್ತದೆ. ಒಂದು ಕಿಲೋಮೀಟರು ದೂರದಿಂದ ಹತ್ತು ಮೀಟರಿಗೆ ಬಂದರೆ, ನಡುವೆ ಅಡ್ಡಿಗಳಿಲ್ಲದಿದ್ದಲ್ಲಿ, ಸಂಕೇತದ ಶಕ್ತಿ ಹತ್ತು ಸಾವಿರ ಪಟ್ಟು ಏರುತ್ತದೆ. ಆಗ ಗ್ರಾಹಕದ ಮುಳ್ಳು ಎಲ್ಲ ದಿಕ್ಕುಗಳಲ್ಲೂ ತುದಿ ಮುಟ್ಟಿ ನಿಲ್ಲುತ್ತದೆ. ಆಂಟೆನಾವನ್ನು ಎತ್ತ ತಿರುಗಿಸಿದರೂ ಒಂದೇ.

ಇದಕ್ಕೆ ಪರಿಹಾರ ಅಟೆನ್ಯುಯೇಟರ್, ಅಂದರೆ ಸಂಕೇತವನ್ನು ಅಳತೆಯರಿತು ಕುಗ್ಗಿಸುವ ಪೆಟ್ಟಿಗೆ. ಸಂಕೇತ ತೀರ ಬಲವಾದಾಗ ಅದು ಗ್ರಾಹಕದ ಕವಚದ ಮೂಲಕವೇ ಒಳನುಗ್ಗುವುದರಿಂದ ಈ ಪೆಟ್ಟಿಗೆಯೂ ಸಾಲದಾಗಬಹುದು. ಆಗ ಒಳಬಂದ ಸಂಕೇತವನ್ನು ಕೆಲವು ಮೆಗಾಹರ್ಟ್ಸ್‌ಗಳಷ್ಟು ಬೇರೆ ಕಂಪನಾಂಕಕ್ಕೆ ಸರಿಸಿ, ಸರಿಸಿದ ಪ್ರತಿಯನ್ನು ಮಾತ್ರ ಕುಗ್ಗಿಸಿ ಕೇಳುವ ‘ಆಫ್‌ಸೆಟ್ ಅಟೆನ್ಯುಯೇಟರ್’ ನೆರವಾಗುತ್ತದೆ. ಇವಾವುವೂ ಇಲ್ಲದಿದ್ದರೆ ದೇಹವೇ ಸಾಧನ: ಪುಟ್ಟ ವಾಕಿಟಾಕಿಯನ್ನು ಎದೆಗೊತ್ತಿಕೊಂಡು ನಿಧಾನವಾಗಿ ಒಂದು ಸುತ್ತು ತಿರುಗಿದರೆ, ಸಂಕೇತ ಅತ್ಯಂತ ಕ್ಷೀಣವಾದಾಗ ಮೂಲವು ಬೆನ್ನಿನ ಹಿಂದಿರುತ್ತದೆ.

ವಿದ್ಯುತ್ ಕಂಬಗಳ ವಿಷಯದಲ್ಲಿ ಇನ್ನೊಂದು ಉಪಾಯವಿದೆ. ಕಡಿಮೆ ಕಂಪನಾಂಕದ ಗದ್ದಲ ತಂತಿಗಳ ಗುಂಟ ಬಹುದೂರ ಹರಿದು, ಯಾವ ಯಾವುದೋ ಕಂಬಗಳ ಬಳಿ ಹೆಚ್ಚಾದಂತೆ ಭ್ರಮೆ ಹುಟ್ಟಿಸುತ್ತದೆ. ಕಂಪನಾಂಕ ಏರಿದಂತೆ ಅದು ಮೂಲದ ಸಮೀಪದಲ್ಲಿ ಮಾತ್ರ ಕೇಳಿಸುತ್ತದೆ. ಆದ್ದರಿಂದ ಬೀದಿಯನ್ನು ಮಧ್ಯಮ ತರಂಗದ ರೇಡಿಯೊದಿಂದಲೂ ಕಂಬವನ್ನು ನೂರು ಮೆಗಾಹರ್ಟ್ಸ್‌ಗಿಂತ ಮೇಲಿನ ಯಾಗಿಯಿಂದಲೂ ಹುಡುಕಬೇಕು. ಕಂಬದಲ್ಲಿ ಕಿಡಿ ಹಾರುತ್ತಿರುವ ಭಾಗವನ್ನು ನೆಲದಿಂದಲೇ ಗುರುತಿಸಲು ಕಿವಿಗೆ ನಿಲುಕದ ಶ್ರವಣಾತೀತ ಧ್ವನಿಯನ್ನು ಹಿಡಿಯುವ ಬಟ್ಟಲಾಕಾರದ ಸಾಧನಗಳೂ ಇವೆ. ಶಂಕೆಯುಳ್ಳ ಕಂಬವನ್ನು ತಟ್ಟುವುದಾಗಲಿ ಅದರ ಆಧಾರತಂತಿಯನ್ನು ಅಲುಗಿಸುವುದಾಗಲಿ ಪ್ರಾಣಾಪಾಯಕ್ಕೆ ದಾರಿ. ಕಂಬದ ಸಂಖ್ಯೆಯನ್ನು ಬರೆದುಕೊಂಡು ವಿದ್ಯುತ್ ಸಂಸ್ಥೆಗೆ ತಿಳಿಸುವಲ್ಲಿಗೆ ನಮ್ಮ ಕೆಲಸ ಮುಗಿಯಿತು.

ಮೊದಲು ನಮ್ಮ ಮನೆ

ಹೊರಗೆ ಹೊರಡುವ ಮುನ್ನ ಮಾಡಲೇಬೇಕಾದ ಪರೀಕ್ಷೆಯೊಂದಿದೆ. ಬ್ಯಾಟರಿಯಿಂದ ನಡೆಯುವ ರೇಡಿಯೊದಲ್ಲಿ ಗದ್ದಲವನ್ನು ಕೇಳುತ್ತ ಮನೆಯ ಮುಖ್ಯ ಸ್ವಿಚ್ಚನ್ನು ಆರಿಸಬೇಕು. ಗದ್ದಲ ನಿಂತರೆ ಕಳ್ಳ ಮನೆಯೊಳಗೇ ಇದ್ದಾನೆ. ಒಂದೊಂದೇ ವಿಭಾಗದ ಬ್ರೇಕರನ್ನು ಹಚ್ಚುತ್ತ ಹೋದರೆ ಸಿಕ್ಕಿಬೀಳುತ್ತಾನೆ. ಗದ್ದಲ ಮುಂದುವರಿದರೆ ಮಾತ್ರ ಆಂಟೆನಾ ಹಿಡಿದು ಬೀದಿಗಿಳಿಯಬೇಕು. ಗದ್ದಲ ಯಾವ ಹೊತ್ತಿಗೆ ಬರುತ್ತದೆ, ಮಳೆಯಾದಾಗ ನಿಲ್ಲುತ್ತದೆಯೇ ಎಂದು ಒಂದು ವಾರ ಬರೆದಿಟ್ಟರೆ ಅರ್ಧ ಉತ್ತರ ಅಲ್ಲಿಯೇ ದೊರಕುತ್ತದೆ. ಸಂಜೆ ಮಾತ್ರ ಬರುವುದು ದೀಪವಿರಬಹುದು. ಒಣ ಹವೆಯಲ್ಲಿ ಹೆಚ್ಚಿ ಮಳೆಯಲ್ಲಿ ಅಡಗುವುದು ಬಹುಮಟ್ಟಿಗೆ ಕಂಬದ್ದು.

ಬಾಗಿಲು ತಟ್ಟಿದ ಮೇಲೆ

ಅಮೆರಿಕದ ಸಂವಹನ ಆಯೋಗದ ನಿಯಮಾವಳಿಯ 15ನೆಯ ಭಾಗದ ಪ್ರಕಾರ ಇಂಥ ಉಪಕರಣಗಳು ಪರವಾನಗಿ ಪಡೆದ ರೇಡಿಯೊ ಸೇವೆಗಳಿಗೆ ಹಾನಿಕರ ಅಡಚಣೆಯನ್ನುಂಟುಮಾಡಕೂಡದು. ಆಯೋಗವು ಸೂಚಿಸಿದರೆ ಬಳಕೆದಾರನು ಅದನ್ನು ನಿಲ್ಲಿಸಬೇಕು. ಉದ್ದೇಶಪೂರ್ವಕ ಅಡಚಣೆಗೆ ಶಿಕ್ಷೆಯೂ ಕಠಿಣ. 2012ರಲ್ಲಿ ನ್ಯೂಜೆರ್ಸಿಯ ನ್ಯೂವಾರ್ಕ್ ವಿಮಾನ ನಿಲ್ದಾಣದ ಜಿಪಿಎಸ್ ಆಧಾರಿತ ವ್ಯವಸ್ಥೆಗೆ ಅಡಚಣೆಯಾದಾಗ, ಆಯೋಗದ ಅಧಿಕಾರಿಗಳು ದಿಕ್ಕುಶೋಧನೆಯಿಂದ ಒಂದು ಪಿಕಪ್ ವಾಹನವನ್ನು ಪತ್ತೆಹಚ್ಚಿದರು. ತನ್ನ ಓಡಾಟ ಮಾಲೀಕರಿಗೆ ತಿಳಿಯಬಾರದೆಂದು ಚಾಲಕ ಜಿಪಿಎಸ್ ಜಾಮರ್ ಇಟ್ಟುಕೊಂಡಿದ್ದ. ಮರುವರ್ಷ ಆಯೋಗ ಪ್ರಸ್ತಾಪಿಸಿದ ದಂಡ 31,875 ಡಾಲರ್.

ನೆರೆಹೊರೆಯ ಗದ್ದಲ ಬೇರೆ ಜಾತಿಯದು. ನಮ್ಮ ಬೀದಿಯಲ್ಲಿ ಪ್ರತಿ ಸಂಜೆ 7 ಮೆಗಾಹರ್ಟ್ಸ್ ಪಟ್ಟಿಯನ್ನು ಮುಚ್ಚಿಹಾಕುತ್ತಿದ್ದ ಗದ್ದಲವೊಂದನ್ನು ಲೂಪ್ ಹಿಡಿದು ಬೆನ್ನಟ್ಟಿದಾಗ ನಾನು ತಲುಪಿದ್ದು ವೃದ್ಧರೊಬ್ಬರ ಗ್ಯಾರೇಜಿಗೆ. ಗದ್ದಲ ಮಾಡುತ್ತಿದ್ದುದು ಅವರ ವಿದ್ಯುತ್ ಗಾಲಿಕುರ್ಚಿಯ ಚಾರ್ಜರ್. ನಿಯಮ ನನ್ನ ಪರವಾಗಿತ್ತು. ಆದರೆ ನಡೆಯಲಾರದವರ ಕುರ್ಚಿಯನ್ನು ನಿಲ್ಲಿಸಿರೆಂದು ಹೇಳುವುದು ಹೇಗೆ? ರೇಡಿಯೊವನ್ನು ಅವರ ಕೈಗೇ ಕೊಟ್ಟು, ಚಾರ್ಜರ್ ತೆಗೆದಾಗಲೂ ಸಿಕ್ಕಿಸಿದಾಗಲೂ ಆಗುವ ವ್ಯತ್ಯಾಸವನ್ನು ಕೇಳಿಸಿದೆ. ಅವರೇ ಕುತೂಹಲದಿಂದ ಎರಡು ಮೂರು ಸಲ ಪರೀಕ್ಷಿಸಿ ನೋಡಿದರು. ಚಾರ್ಜರಿನ ತಂತಿಯನ್ನು ಫೆರೈಟ್ ಉಂಗುರದ ಮೂಲಕ ಹಲವು ಸುತ್ತು ಹಾಯಿಸಿದಾಗ ಗದ್ದಲ ಬಹಳಷ್ಟು ತಗ್ಗಿತು. ಉಳಿದದ್ದಕ್ಕೆ, ಮಧ್ಯಾಹ್ನದ ಹೊತ್ತು ಚಾರ್ಜ್ ಮಾಡಿಕೊಳ್ಳುವುದಾಗಿ ಅವರೇ ಹೇಳಿದರು.

ಇಂಥ ಭೇಟಿಗೆ ನಾನು ಪಾಲಿಸುವ ಕ್ರಮ ಇಷ್ಟು: ದಿಕ್ಕನ್ನು ಕನಿಷ್ಠ ಮೂರು ಕಡೆಯಿಂದ ಖಚಿತಪಡಿಸಿಕೊಳ್ಳದೆ ಬಾಗಿಲು ತಟ್ಟಬಾರದು, ಆಂಟೆನಾವನ್ನು ಹೊರಗಿಟ್ಟು ಸಣ್ಣ ರೇಡಿಯೊವನ್ನಷ್ಟೇ ಒಯ್ಯಬೇಕು, ಆರೋಪ ಹೊರಿಸುವ ಬದಲು ಕೇಳಿಸಬೇಕು, ಪರಿಹಾರದ ವೆಚ್ಚ ಸಣ್ಣದಾದರೆ ನಾವೇ ಭರಿಸುವುದು ಲೇಸು. ರೇಡಿಯೊ ಪಟ್ಟಿ ಬಾವಿಯ ನೀರಿನಂತೆ ಊರಿಗೆಲ್ಲ ಸೇರಿದ್ದು. ಗದ್ದಲದ ಮೂಲ ಯಾವ ಮನೆಯಲ್ಲಿದೆ ಎಂಬುದನ್ನು ಆಂಟೆನಾ ತೋರಿಸುತ್ತದೆ. ಅದನ್ನು ನಿಲ್ಲಿಸುವ ಕೈ ಮಾತ್ರ ಬಹುತೇಕ ಆ ಮನೆಯವರದೇ ಆಗಿರುತ್ತದೆ.