ಇಪ್ಪತ್ತೊಂದನೆಯ ದಿನ

ನಮ್ಮ ಕಾಲೇಜಿನ ಎನ್ನೆಸ್ಸೆಸ್ ಘಟಕದ ಚರಿತ್ರೆ ಬರೆದುಕೊಡಿ ಎಂದು ಈ ಸಂಚಿಕೆಯ ಸಮಿತಿಯವರು ಹೇಳಿದ ದಿನ ಎನ್ನೆಸ್ಸೆಸ್ ಕೊಠಡಿಯ ಕಪಾಟು ತೆರೆದು ಎರಡು ನೋಟ್‌ಬುಕ್ ಮನೆಗೆ ತಂದೆ. ಒಂದರ ರಟ್ಟು 2018ರ ಆಗಸ್ಟ್ ಮಳೆಗೆ ನೆನೆದು ಉಬ್ಬಿದೆ. ಇನ್ನೊಂದರಲ್ಲಿ ಹೆಸರು, ರಕ್ತದ ಗುಂಪು, ಕೊಟ್ಟ ದಿನ, ಮತ್ತೆ ಕೊಡಬಹುದಾದ ದಿನ. ಶಿಬಿರದ ಫೋಟೊಗಳು, ಅತಿಥಿಗಳ ಭಾಷಣಗಳು ವಾರ್ಷಿಕ ವರದಿಗಳಲ್ಲಿ ಬೇಕಾದಷ್ಟಿವೆ. ನನಗೆ ಹೇಳಬೇಕೆನಿಸಿದ್ದು ಈ ಎರಡು ಪುಸ್ತಕಗಳಲ್ಲಿದೆ.

ಎನ್ನೆಸ್ಸೆಸ್, ಅಂದರೆ ರಾಷ್ಟ್ರೀಯ ಸೇವಾ ಯೋಜನೆ, ಹುಟ್ಟಿದ್ದು ಗಾಂಧಿ ಶತಾಬ್ದಿಯ ವರ್ಷ, 1969ರ ಸೆಪ್ಟೆಂಬರ್ 24ರಂದು. ಮೊದಲ ವರ್ಷ 37 ವಿಶ್ವವಿದ್ಯಾನಿಲಯ, 40,000 ವಿದ್ಯಾರ್ಥಿಗಳು. ಅದನ್ನು ಆರಂಭಿಸಿದ ಕೇಂದ್ರ ಶಿಕ್ಷಣ ಸಚಿವ ವಿ.ಕೆ.ಆರ್.ವಿ. ರಾವ್ ನಮ್ಮ ಬಳ್ಳಾರಿಯಿಂದ ಲೋಕಸಭೆಗೆ ಹೋದವರು. ಮುಂದೆ ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಸಂಸ್ಥೆಯನ್ನು ಕಟ್ಟಿದವರೂ ಅವರೇ. ಎರಡು ವರ್ಷಕ್ಕೆ 240 ಗಂಟೆ ಸೇವೆ, ಏಳು ದಿನದ ವಿಶೇಷ ಶಿಬಿರ ಎಂಬ ಲೆಕ್ಕ ನಮ್ಮಲ್ಲಿ ಓದಿದವರಿಗೆಲ್ಲ ಬಾಯಿಪಾಠ. ಬಹುಕಾಲ ಆ ಗಂಟೆಗಳು ಹಾರೆ, ಗುದ್ದಲಿ, ಬುಟ್ಟಿಯಲ್ಲೇ ಕಳೆದವು. ಶಾಲೆಯ ಆಟದ ಬಯಲು, ಇಂಗುಗುಂಡಿ, ಮಣ್ಣಿನ ರಸ್ತೆ. ಒಳ್ಳೆಯ ಕೆಲಸವೇ. ಆದರೆ ಮನುಷ್ಯರ ಸಂಕಟದ ಎದುರು ನಿಲ್ಲುವುದು ನಮಗೆ ಅಭ್ಯಾಸವಾಗಿರಲಿಲ್ಲ.

2018ರ ಆಗಸ್ಟ್ ನಡುವಿನಲ್ಲಿ ಕೊಡಗಿನ ಗುಡ್ಡಗಳು ಜರಿದವು. ಜೋಡುಪಾಲ, ಮೊಣ್ಣಂಗೇರಿಯ ಕಡೆ ಮನೆ, ತೋಟ, ರಸ್ತೆ ಒಟ್ಟಿಗೇ ಹೋದವು. ಮಡಿಕೇರಿಗೆ ಹತ್ತುವ ಹೆದ್ದಾರಿ ತುಂಡಾಯಿತು. ಉಟ್ಟ ಬಟ್ಟೆಯಲ್ಲಿ ಹೊರಟವರು ಘಟ್ಟ ಇಳಿದು ಸಂಪಾಜೆ, ಕಲ್ಲುಗುಂಡಿ, ಅರಂತೋಡಿನ ಪರಿಹಾರ ಕೇಂದ್ರಗಳಿಗೆ ಬಂದರು. ನಮ್ಮ ಘಟಕದ ಮಕ್ಕಳು ಮರುದಿನವೇ ಅಲ್ಲಿಗೆ ಹೋದರು.

ಮೊದಲ ಎರಡು ದಿನ ನಾವು ಮಾಡಿದ್ದು ಬಟ್ಟೆ ವಿಂಗಡಿಸುವ ಕೆಲಸ. ಲಾರಿಗಟ್ಟಲೆ ಹಳೆಬಟ್ಟೆ ಬಂತು. ಹರಿದ ಸೀರೆ, ಗುಂಡಿಯಿಲ್ಲದ ಅಂಗಿ, ಒಂಟಿ ಚಪ್ಪಲಿ. ಒಳಬಟ್ಟೆ, ಪ್ಯಾಡು, ಟಾರ್ಚು ಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ನಮಗೂ ಹೊಳೆದಿರಲಿಲ್ಲ, ಅದನ್ನು ಇಲ್ಲಿ ಬರೆದಿಡಬೇಕು. ಎರಡನೆಯ ಸಂಜೆ ದ್ವಿತೀಯ ಬಿ.ಎಸ್ಸಿ. ಹುಡುಗಿಯೊಬ್ಬಳು ಬಟ್ಟೆರಾಶಿ ಬಿಟ್ಟು, ಗೋಡೆಗೆ ಒರಗಿದ್ದ ಅಜ್ಜಿಯೊಬ್ಬರ ಪಕ್ಕ ಕುಳಿತಳು. ಏನು ಬೇಕೆಂದು ಕೇಳಿದರೆ ಅಜ್ಜಿ, “ದನ ಹಟ್ಟಿಯಲ್ಲಿ ಕಟ್ಟಿಯೇ ಉಂಟು ಮಗಾ, ಹಗ್ಗ ಬಿಚ್ಚಲಿಕ್ಕೆ ಆಗಲಿಲ್ಲ” ಎಂದಷ್ಟೇ ಹೇಳಿದರು. ಹುಡುಗಿಗೆ ಉತ್ತರ ತೋಚಲಿಲ್ಲ. ಸುಮಾರು ಹೊತ್ತು ಕೈ ಹಿಡಿದು ಕೂತಿದ್ದು, ಆಮೇಲೆ ಮೆಲ್ಲನೆ, “ಅಜ್ಜಿ, ನೀವು ದಿನಾ ಮಾತ್ರೆ ತಗೊಳ್ತೀರಾ?” ಎಂದಳು.

ಉಬ್ಬಿದ ನೋಟ್‌ಬುಕ್ ಶುರುವಾದದ್ದು ಅಲ್ಲಿಂದ. “ಬಿಳಿ ಮಾತ್ರೆ, ಬೆಳಿಗ್ಗೆ ಒಂದು, ಪ್ರೆಶರಿಗೆ.” “ಸಕ್ಕರೆ ಕಾಯಿಲೆ, ಇಂಜೆಕ್ಷನ್, ಮೂರು ದಿನದಿಂದ ಇಲ್ಲ.” ಒಂದೇ ರಾತ್ರಿ ಹನ್ನೊಂದು ಪುಟ ತುಂಬಿತು. ಬೆಳಿಗ್ಗೆ ಬಂದ ವೈದ್ಯರು ಆ ಪುಸ್ತಕ ಹಿಡಿದೇ ಒಬ್ಬೊಬ್ಬರ ಬಳಿ ಹೋದರು. ನನ್ನ ಇಷ್ಟು ವರ್ಷಗಳ ಎನ್ನೆಸ್ಸೆಸ್ ಬದುಕಿನಲ್ಲಿ ಅದಕ್ಕಿಂತ ದೊಡ್ಡ ಕೆಲಸವನ್ನು ನಮ್ಮ ಮಕ್ಕಳು ಮಾಡಿದ್ದು ನಾನು ಕಂಡಿಲ್ಲ.

ಹತ್ತು ದಿನಕ್ಕೆ ಲಾರಿಗಳು ನಿಂತವು. ಕೇಂದ್ರದಲ್ಲಿ ಜನ ಇನ್ನೂ ಇದ್ದರು. ಸಹಾಯ ಮಾಡುವವರ ಮನಸ್ಸಿಗೂ ಒಂದು ಅವಧಿ ಇದೆ, ಸಂಕಟ ಅದಕ್ಕಿಂತ ಬಹಳ ಉದ್ದ ಎಂಬುದು ಆಗ ಕಣ್ಣಿಗೆ ಹೊಡೆದು ಕಂಡಿತು.

ರಕ್ತ ಕೊಡುವವರ ಹೆಸರಿರುವ ಎರಡನೆಯ ಪುಸ್ತಕದ ಮೂಲ ಆ ಅರಿವೇ. ತೀವ್ರ ತಲಸ್ಸೇಮಿಯಾ ಇರುವ ಮಗುವಿನ ಮೈ ಬೇಕಾದಷ್ಟು ಒಳ್ಳೆಯ ಕೆಂಪು ರಕ್ತಕಣ ಮಾಡಿಕೊಳ್ಳುವುದಿಲ್ಲ. ಮೂರು ನಾಲ್ಕು ವಾರಕ್ಕೊಮ್ಮೆ ಹೊರಗಿನಿಂದ ರಕ್ತ ಕೊಡಬೇಕು, ವರ್ಷಗಟ್ಟಲೆ. ಕೊಟ್ಟ ರಕ್ತದಿಂದ ಮೈಯಲ್ಲಿ ಕಬ್ಬಿಣ ತುಂಬಿ ಹೃದಯ, ಯಕೃತ್ತಿಗೆ ಏಟಾಗದಂತೆ ಬೇರೆ ಔಷಧ. ನಮ್ಮ ರಕ್ತದಾನ ಶಿಬಿರ ಮಾತ್ರ ಆಗ ವರ್ಷಕ್ಕೊಂದು. ಬ್ಯಾನರು, ಹಣ್ಣಿನ ರಸ, ಒಂದೇ ದಿನ ನೂರಾರು ಜನರ ಸಾಲು. ಕೆಂಪು ಕಣಗಳನ್ನು ಹೆಚ್ಚೆಂದರೆ 42 ದಿನ ಇಡಬಹುದು. ಪರೀಕ್ಷೆ ಮುಗಿದು ಕಾಲೇಜುಗಳಿಗೆ ಬಾಗಿಲು ಬಿದ್ದಾಗ, ಏಪ್ರಿಲ್, ಮೇ ತಿಂಗಳಲ್ಲಿ, ರಕ್ತನಿಧಿಯ ಕಪಾಟು ಬರಿದಾಗುತ್ತದೆ. ಮಗುವಿನ ಮೈಗೆ ಬೇಸಿಗೆ ರಜೆ ಇಲ್ಲ.

ಮಂಗಳೂರಿನ ಆಸ್ಪತ್ರೆಯ ವಾರ್ಡಿನಲ್ಲಿ ಆರು ವರ್ಷದ ಹುಡುಗಿಯೊಬ್ಬಳನ್ನು ನಮ್ಮ ವಿದ್ಯಾರ್ಥಿಗಳು ಕಂಡರು. ಬೆಳಗಿನ ಜಾವದ ಬಸ್ಸಿಗೆ ಅಮ್ಮನ ಜೊತೆ ಬಂದಿದ್ದಳು. ರಕ್ತ ಹನಿಯುತ್ತಿದ್ದ ಕೈಯನ್ನು ಅಲ್ಲಾಡಿಸದೆ, ಇನ್ನೊಂದು ಕೈಯಲ್ಲಿ ಬಣ್ಣ ತುಂಬುತ್ತಿದ್ದಳು. ಹೊರಡುವಾಗ ಕೇಳಿದ್ದು ಒಂದೇ: “ಅಕ್ಕಾ, ಮುಂದಿನ ಸಲವೂ ಬರ್ತೀಯಾ?” ಮುಂದಿನ ಸಲ ಎಂದರೆ ಇಪ್ಪತ್ತೊಂದನೆಯ ದಿನ.

ಅಂದಿನಿಂದ ಶಿಬಿರದ ಸಾಲನ್ನು ವರ್ಷದುದ್ದಕ್ಕೂ ಹಂಚಿದೆವು. ವಾರಕ್ಕಿಷ್ಟು ಜನ, ಹುಡುಗರು ಮೂರು ತಿಂಗಳಿಗೆ, ಹುಡುಗಿಯರು ನಾಲ್ಕು ತಿಂಗಳಿಗೆ ಒಮ್ಮೆ. ತೂಕ 45 ಕಿಲೋ ಮುಟ್ಟದವರು, ರಕ್ತಹೀನತೆ ಇರುವವರು ವಾರ್ಡಿಗೆ ಕಥೆಪುಸ್ತಕ, ಕ್ರೇಯಾನು ತೆಗೆದುಕೊಂಡು ಹೋಗುತ್ತಾರೆ. ಆ ಸರದಿಯೂ ಇದೇ ಪುಸ್ತಕದಲ್ಲಿದೆ. ಊರು ಬಿಟ್ಟು ಹೋದವರು ತಮ್ಮ ಸರದಿಗೆ ತಮ್ಮನನ್ನೋ ನೆರೆಮನೆಯವರನ್ನೋ ಕಳುಹಿಸಿದ ದಾಖಲೆಗಳೂ ಇವೆ.

ಮುಂದಿನ ಮೇ ತಿಂಗಳ ಪುಟದಲ್ಲಿ ನಾಲ್ಕು ಸಾಲು ಖಾಲಿ ಇವೆ, ಮೂರು ಬಿ ಪಾಸಿಟಿವ್, ಒಂದು ಓ ನೆಗೆಟಿವ್. ಈ ಸಂಚಿಕೆ ಓದುತ್ತಿರುವ ಹಳೆಯ ವಿದ್ಯಾರ್ಥಿಗಳು ದಯವಿಟ್ಟು ಎನ್ನೆಸ್ಸೆಸ್ ಕೊಠಡಿಗೆ ಬಂದು ಹೆಸರು ಬರೆಸಿ.