ಅಡವಿಯೂರಿಗೆ ಬಂದ ವಿಶ್ವವಿದ್ಯಾನಿಲಯ

ವಿದ್ಯೆಗಾಗಿ ಊರು ಬಿಡುವುದು ನಮ್ಮ ನಾಡಿನಲ್ಲಿ ಹಳೆಯ ಪದ್ಧತಿ. ಗುರುಕುಲವಾಗಲಿ, ಅಗ್ರಹಾರವಾಗಲಿ, ಮಠವಾಗಲಿ, ಕಲಿಯಬೇಕೆನ್ನುವವನು ಬುತ್ತಿ ಕಟ್ಟಿಕೊಂಡು ಹೊರಡಲೇಬೇಕಾಗಿತ್ತು. ಉತ್ತರ ಕನ್ನಡದ ಘಟ್ಟದ ಮೇಲಿನ ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ಸೀಮೆಗೆ ಈ ಮಾತು ಇನ್ನಷ್ಟು ಒಪ್ಪುತ್ತದೆ. 1956ರ ನವೆಂಬರ್ 1ರವರೆಗೆ ಈ ಜಿಲ್ಲೆ ಮುಂಬಯಿ ಪ್ರಾಂತದಲ್ಲಿತ್ತು. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾನಿಲಯ ಹುಟ್ಟುವ ತನಕ ಇಲ್ಲಿಯವರ ಪದವಿಗೆ ಮುಂಬಯಿಯ ಮುದ್ರೆಯೇ ಬೀಳಬೇಕಾಗಿತ್ತು. ಮುಂದೆ ಧಾರವಾಡ ಹತ್ತಿರವಾಯಿತು, ನಿಜ. ಆದರೆ ಕಾಳೀನದಿಯ ಆಚೆಯ ಕಾಡಿನ ಹಳ್ಳಿಯ ಹುಡುಗನಿಗೆ ಧಾರವಾಡವೂ ಪರದೇಶವೇ ಆಗಿತ್ತು.

ಇದಕ್ಕೊಂದು ಅಪರೂಪದ ಅಪವಾದವುಂಟು. 1966ರಲ್ಲಿ ಮುಂಡಗೋಡದ ಬಳಿ ಟಿಬೇಟಿ ನಿರಾಶ್ರಿತರ ವಸತಿ ಆರಂಭವಾಯಿತು. ಲ್ಹಾಸಾದ ಸಮೀಪದಲ್ಲಿ 1409ರಲ್ಲಿ ಸ್ಥಾಪನೆಗೊಂಡ ಗಾಂದೇನ್ ಮತ್ತು 1416ರ ದ್ರೆಪುಂಗ್ ಮಹಾವಿಹಾರಗಳು ಈ ಮಣ್ಣಿನಲ್ಲಿ ಮತ್ತೆ ಕಟ್ಟಲ್ಪಟ್ಟವು. ವಿದ್ಯಾರ್ಥಿ ವಿದ್ಯಾಪೀಠವನ್ನು ಹುಡುಕಿ ಹೋಗುವುದರ ಬದಲು ವಿದ್ಯಾಪೀಠವೇ ಗಂಟುಮೂಟೆ ಕಟ್ಟಿಕೊಂಡು ಅಡವಿಯೂರಿಗೆ ಬಂದ ಪ್ರಸಂಗವಿದು. ಕಟ್ಟಡಕ್ಕೂ ವಿದ್ಯೆಗೂ ಇರುವ ನಂಟು ಬಿಡಿಸಲಾಗದ್ದೇನಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಕನ್ನಡ ಪಾಠ ಹೇಳುವ ನನಗೆ ಈ ವಿಚಾರದ ಗೊಡವೆ ಏಕೆಂದು ವಾಚಕರು ಕೇಳಬಹುದು. ಪ್ರತಿವರ್ಷವೂ ಪದವಿ ಮುಗಿಸಿದ ಕೆಲವರು ಬಂದು, “ಸರ್, ಮುಂದೆ ಓದಬೇಕು, ಆದರೆ ಮನೆ ಬಿಟ್ಟು ಹೋಗುವ ಹಾಗಿಲ್ಲ” ಎನ್ನುತ್ತಾರೆ. ಒಬ್ಬರಿಗೆ ಗದ್ದೆ, ಇನ್ನೊಬ್ಬರಿಗೆ ಕಾಯಿಲೆಯ ತಾಯಿ, ಮತ್ತೊಬ್ಬರಿಗೆ ಕೈಗೆ ಬಂದ ಸಣ್ಣ ನೌಕರಿ. ಈಚೆಗೆ ಭೌತಶಾಸ್ತ್ರ ಓದಿದ ಹುಡುಗಿಯೊಬ್ಬಳು ಬಿಂಬವಿಜ್ಞಾನದಲ್ಲಿ ಮಾಸ್ಟರ್ ಪದವಿಯನ್ನು ಮನೆಯಲ್ಲಿದ್ದುಕೊಂಡೇ, ಅಂತರಜಾಲದ ಮೂಲಕ ಪಡೆಯಬಹುದೇ ಎಂದು ಕೇಳಿದಳು. ಆ ಪ್ರಶ್ನೆಯ ಹಿಂದಿರುವ ಚರಿತ್ರೆಯನ್ನು ನೋಡುವುದೇ ಈ ಲೇಖನದ ಉದ್ದೇಶ.

ಅಂಚೆಯ ಕಾಲ

ಗುರುವಿನ ಎದುರು ಕೂಡದವನಿಗೂ ಪದವಿ ಕೊಡಬಹುದೆಂಬ ಧೈರ್ಯವನ್ನು ಮೊದಲು ಮಾಡಿದವರಲ್ಲಿ ಲಂಡನ್ ವಿಶ್ವವಿದ್ಯಾನಿಲಯ ಪ್ರಮುಖವಾದುದು. ಅದು 1858ರಲ್ಲಿಯೇ ಹೊರಗಿನ ವಿದ್ಯಾರ್ಥಿಗಳಿಗೆ ಪರೀಕ್ಷೆಯ ಬಾಗಿಲು ತೆರೆಯಿತು. ನಮ್ಮ ದೇಶದಲ್ಲಿ ದಿಲ್ಲಿ ವಿಶ್ವವಿದ್ಯಾನಿಲಯ 1962ರಲ್ಲಿ ಅಂಚೆಯ ಮೂಲಕ ಪಾಠ ಆರಂಭಿಸಿತು. ಕನ್ನಡ ನಾಡಿನಲ್ಲಿ ಆ ಕೀರ್ತಿ ಮೈಸೂರಿನದು. 1969ರಲ್ಲಿ ಅಲ್ಲಿಯ ವಿಶ್ವವಿದ್ಯಾನಿಲಯ ಆರಂಭಿಸಿದ ಅಂಚೆ ತೆರಪಿನ ಶಿಕ್ಷಣವೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಗಿ ಬೆಳೆಯಿತು. ಶಾಲಾಮಾಸ್ತರರು, ಗುಮಾಸ್ತರು, ಗೃಹಿಣಿಯರು ಅಂಚೆಯಣ್ಣ ತಂದ ಪಾಠದ ಕಟ್ಟನ್ನು ರಾತ್ರಿ ದೀಪದ ಬೆಳಕಿನಲ್ಲಿ ಓದಿ ಬಿ.ಎ., ಎಂ.ಎ. ಆದರು. ದಾಂಡೇಲಿಯಲ್ಲಿ 1955ರಲ್ಲಿ ಸ್ಥಾಪನೆಗೊಂಡ ಕಾಗದದ ಕಾರಖಾನೆ ಈ ಕಾಡಿನ ಬಿದಿರನ್ನು ಅರೆದು ಕಾಗದ ಮಾಡುತ್ತಿತ್ತು. ಹೊರಗೆ ಹೋದ ಬಿದಿರಿನ ಒಂದು ಪಾಲು ಪಾಠದ ಹಾಳೆಯಾಗಿ ತಿರುಗಿ ಊರಿಗೆ ಬಂದಿದ್ದರೂ ಬಂದಿರಬಹುದು!

ಆದರೆ ಅಂಚೆಯ ಚೀಲದಲ್ಲಿ ಕಾವ್ಯಮೀಮಾಂಸೆ ಹಿಡಿಯುತ್ತಿತ್ತೇ ಹೊರತು ಪ್ರಯೋಗಶಾಲೆ ಹಿಡಿಯುತ್ತಿರಲಿಲ್ಲ. ತಾಂತ್ರಿಕ ವಿದ್ಯೆ ಹೊರಗೇ ಉಳಿಯಿತು.

ಆಕಾಶದಿಂದ ಪಾಠ

ಎರಡನೆಯ ಹಂತ ಆಕಾಶಮಾರ್ಗದ್ದು. 1975ರ ಆಗಸ್ಟ್ 1ರಿಂದ ಒಂದು ವರ್ಷಕಾಲ ಅಮೆರಿಕದ ಎಟಿಎಸ್–6 ಉಪಗ್ರಹದ ನೆರವಿನಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನದ ಪಾಠ ತಲಪಿತು. ಕರ್ನಾಟಕದ ಬಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. ಸುಮಾರು ಮೂವತ್ತು ವರ್ಷಗಳ ತರುವಾಯ, 2004ರ ಸೆಪ್ಟೆಂಬರ್ 20ರಂದು, ಶಿಕ್ಷಣಕ್ಕೆಂದೇ ಮೀಸಲಾದ ಎಜುಸ್ಯಾಟ್ ಮೇಲೇರಿತು. ಅದರ ಪೂರ್ವಭಾವಿ ಪ್ರಯೋಗಕ್ಕೆ ಆರಿಸಿಕೊಂಡ ಮೂರು ವಿಶ್ವವಿದ್ಯಾನಿಲಯಗಳಲ್ಲಿ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯವೂ ಒಂದು. ಹಳಿಯಾಳದಲ್ಲಿ ಇಂದು ಇರುವ ಇಂಜಿನಿಯರಿಂಗ್ ಕಾಲೇಜು ಅದೇ ವಿಶ್ವವಿದ್ಯಾನಿಲಯದ ವ್ಯಾಪ್ತಿಯದು. ಎಜುಸ್ಯಾಟಿನ ಆಯುಸ್ಸು 2010ಕ್ಕೆ ಮುಗಿಯಿತು. ಆ ವೇಳೆಗೆ ಐಐಟಿಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಕೂಡಿ ನಡೆಸಿದ ಎನ್‌ಪಿಟೆಲ್ ಉಪನ್ಯಾಸಗಳು ಅಂತರಜಾಲದಲ್ಲಿ ದೊರೆಯುತ್ತಿದ್ದವು. 2017ರಲ್ಲಿ ‘ಸ್ವಯಂ’ ಬಂದಿತು. ತಾಂತ್ರಿಕ ಪಾಠ ಕೇಳುವುದಕ್ಕೆ ಊರು ಬಿಡಬೇಕಾದ ಅಗತ್ಯ ಅಲ್ಲಿಗೆ ತಪ್ಪಿತು.

ಬಿಂಬವೆಂಬ ವಿದ್ಯೆ

ಇನ್ನು ಬಿಂಬವಿಜ್ಞಾನ. ಬೆಳಕು ವಸ್ತುವಿನಿಂದ ಹೊರಟು ಮಸೂರವನ್ನು ಹೊಕ್ಕು, ಅಂಕಿಗಳಾಗಿ ಮಾರ್ಪಟ್ಟು, ಮತ್ತೆ ಚಿತ್ರವಾಗಿ ಕಣ್ಣಿಗೆ ಬೀಳುವವರೆಗಿನ ಎಲ್ಲ ಹಂತಗಳ ಶಾಸ್ತ್ರವಿದು. ಆಸ್ಪತ್ರೆಯ ಸ್ಕ್ಯಾನಿಂಗೂ ಉಪಗ್ರಹದ ಚಿತ್ರವೂ ಇದರ ಮಕ್ಕಳೇ. ಕೊಡಕ್ ಕಂಪನಿಯ ತವರಾದ ಅಮೆರಿಕದ ರಾಚೆಸ್ಟರಿನ ತಾಂತ್ರಿಕ ಸಂಸ್ಥೆಯಲ್ಲಿ ಇದಕ್ಕಾಗಿಯೇ ಒಂದು ಕೇಂದ್ರವಿದ್ದು, 1938ರಲ್ಲಿ ಜೆರಾಕ್ಸ್ ತತ್ತ್ವವನ್ನು ಸಾಧಿಸಿ ತೋರಿಸಿದ ಚೆಸ್ಟರ್ ಕಾರ್ಲ್‌ಸನ್‌ನ ಹೆಸರನ್ನು ಅದು ಹೊತ್ತಿದೆ. ಈ ವಿಷಯದ ಮಾಸ್ಟರ್ ಪದವಿಯನ್ನು ಆ ಸಂಸ್ಥೆ ದೂರದಲ್ಲಿರುವವರಿಗೂ ಕಲಿಸಿದ್ದುಂಟು. ನಮ್ಮಲ್ಲಿ ಇದಕ್ಕೆ ಸಮೀಪದ ವಿದ್ಯೆಗೆ 1966ರಲ್ಲಿ ಡೆಹರಾಡೂನಿನಲ್ಲಿ ಸಂಸ್ಥೆಯಾಯಿತು. ಇಂದು ಅದು ಭಾರತೀಯ ದೂರಸಂವೇದಿ ಸಂಸ್ಥೆ. 2007ರಿಂದ ಅದು ದೂರದ ವಿದ್ಯಾರ್ಥಿಗಳಿಗೂ ಪಾಠ ಹೇಳುತ್ತ ಬಂದಿದೆ.

ಕನ್ನಡಿಗರಿಗೆ ಈ ವಿದ್ಯೆ ಹೊರಗಿನದಲ್ಲ. ಉಡುಪಿಯ ಬಳಿಯ ಅದಮಾರಿನಲ್ಲಿ ಹುಟ್ಟಿದ ಯು. ಆರ್. ರಾವ್ ಅವರು ಇಸ್ರೋ ಅಧ್ಯಕ್ಷರಾಗಿದ್ದಾಗ, 1988ರ ಮಾರ್ಚ್ 17ರಂದು, ನಮ್ಮ ಮೊದಲ ದೂರಸಂವೇದಿ ಉಪಗ್ರಹ ಐಆರ್‌ಎಸ್–1ಎ ಮೇಲೇರಿತು. ಅದರ ಹೆಚ್ಚು ಸೂಕ್ಷ್ಮವಾದ ಕ್ಯಾಮೆರಾಗಳಿಗೆ ಒಂದು ಚುಕ್ಕೆಯೆಂದರೆ ನೆಲದ ಮೇಲೆ 36.25 ಮೀಟರ್ ಚೌಕ. ನಮ್ಮ ರೈತರ ಲೆಕ್ಕದಲ್ಲಿ ಸುಮಾರು ಹದಿಮೂರು ಗುಂಟೆ. ಹಸುರೆಲೆ ನಮ್ಮ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಹೇರಳವಾಗಿ ಹಿಂದಕ್ಕೆ ಎಸೆಯುತ್ತದೆ. ಚಿತ್ರದಲ್ಲಿ ಆ ಬೆಳಕಿಗೆ ಕೆಂಪು ಬಣ್ಣ ಕೊಡುವುದು ವಾಡಿಕೆಯಾದ್ದರಿಂದ ಕಾಡೆಲ್ಲ ಕುಂಕುಮ ಚೆಲ್ಲಿದಂತೆ ತೋರುತ್ತದೆ. ಬೇಸಗೆಯಲ್ಲಿ ಹಳಿಯಾಳ ಮುಂಡಗೋಡಗಳ ತೇಗದ ಕಾಡು ಎಲೆಯುದುರಿಸಿದಾಗ ಅಲ್ಲಿಯ ಕೆಂಪು ಮಾಸುತ್ತದೆ. ಜೋಯಿಡಾದ ನಿತ್ಯಹರಿದ್ವರ್ಣದ ಕಾಡು ಮಾತ್ರ ಕೆಂಪಾಗಿಯೇ ಉಳಿಯುತ್ತದೆ.

ಆದರೆ ಮೇಲಿನಿಂದ ನೋಡಿದ್ದೆಲ್ಲ ಸತ್ಯವಲ್ಲ. ಚಿತ್ರ ಹೇಳಿದ್ದನ್ನು ನೆಲದ ಮೇಲೆ ನಡೆದು ತಾಳೆ ನೋಡಬೇಕು. ದೊಡ್ಡ ಮರಗಳ ನೆರಳಿನ ಬಿದಿರು ಆಕಾಶಕ್ಕೆ ಕಾಣದು. ಈ ಜಿಲ್ಲೆಯ ಬಿದಿರಿನ ದಾಸ್ತಾನು ಕಡತದ ಲೆಕ್ಕಕ್ಕಿಂತ ಬಹಳ ಕಡಿಮೆಯೆಂಬುದು 1970ರ ದಶಕದಲ್ಲಿ ಮಾಧವ ಗಾಡ್ಗೀಳ್ ಮತ್ತು ಸಂಗಡಿಗರು ಕಾಡಿನೊಳಗೆ ನಡೆದು ನೋಡಿದಾಗಲೇ ತಿಳಿದದ್ದು. ಹಾಗಾದರೆ ಈ ಶಾಸ್ತ್ರದ ಅರ್ಧ ಪ್ರಯೋಗಶಾಲೆ ಜೋಯಿಡಾದ ಹುಡುಗಿಯ ಹಿತ್ತಿಲಲ್ಲಿಯೇ ಇದೆ! ಮತ್ತಿಗೂ ಹೊನ್ನೆಗೂ ಇರುವ ಭೇದವನ್ನು ಅವಳಿಗೆ ಯಾವ ವಿಶ್ವವಿದ್ಯಾನಿಲಯವೂ ಕಲಿಸಬೇಕಾಗಿಲ್ಲ.

ಮುದ್ರೆಯ ಪ್ರಶ್ನೆ

ಏಕಲವ್ಯ ಮಣ್ಣಿನ ಪ್ರತಿಮೆಯ ಮುಂದೆ ಬಿಲ್ವಿದ್ಯೆ ಕಲಿತ. ಅದೂ ತಾಂತ್ರಿಕ ವಿದ್ಯೆ, ಅದೂ ದೂರಶಿಕ್ಷಣ. ವಿದ್ಯೆ ಬಂದಿತು, ಮನ್ನಣೆ ಬರಲಿಲ್ಲ. ಇಂದಿನ ಕಲಿಯುವವರ ಸಂಕಟವೂ ಇದೇ. ನಾಲ್ಕು ಪರಿಗಣಿತ ವಿಶ್ವವಿದ್ಯಾನಿಲಯಗಳು ಅನುಮತಿಯಿಲ್ಲದೆ ದೂರಶಿಕ್ಷಣದಲ್ಲಿ ಕೊಟ್ಟ ಇಂಜಿನಿಯರಿಂಗ್ ಪದವಿಗಳು ಸಲ್ಲವೆಂದು 2017ರ ನವೆಂಬರ್ 3ರಂದು ಸುಪ್ರೀಂ ಕೋರ್ಟು ತೀರ್ಪಿತ್ತಿತು. ನಮ್ಮ ಮುಕ್ತ ವಿಶ್ವವಿದ್ಯಾನಿಲಯಕ್ಕೂ 2012–13ರ ಅನಂತರ ಯುಜಿಸಿ ಮಾನ್ಯತೆ ತಪ್ಪಿ, 2018ರಲ್ಲಿ ಮರಳಿ ದೊರೆಯಿತು. ನಡುವೆ ಓದಿದವರು ಪಟ್ಟ ಪಾಡು ಅಷ್ಟಿಷ್ಟಲ್ಲ. ಯುಜಿಸಿಯ 2020ರ ನಿಯಮಾವಳಿಯೂ ಇಂಜಿನಿಯರಿಂಗನ್ನು ದೂರಶಿಕ್ಷಣದಿಂದ ಹೊರಗಿಟ್ಟಿತು. ಇದರ ನಡುವೆಯೇ ಭಾರತೀಯ ವಿಜ್ಞಾನ ಸಂಸ್ಥೆಯಂಥ ಕೆಲವು ರಾಷ್ಟ್ರೀಯ ಸಂಸ್ಥೆಗಳು ಉದ್ಯೋಗಸ್ಥರಿಗಾಗಿ ಎಂ.ಟೆಕ್. ಪದವಿಯನ್ನು ಅಂತರಜಾಲದಲ್ಲಿ ಕಲಿಸಲು ಮುಂದಾಗಿವೆ.

ಕಾನೂನಿನ ಎಚ್ಚರ ತಪ್ಪಲ್ಲ. ಯಂತ್ರ ಮುಟ್ಟದೆ ಇಂಜಿನಿಯರ್ ಆದವನ ಸೇತುವೆಯ ಮೇಲೆ ನಡೆಯಲು ಯಾರಿಗೂ ಧೈರ್ಯವಾಗದು. ಆದರೆ ಎಲ್ಲ ತಾಂತ್ರಿಕ ವಿದ್ಯೆಯನ್ನೂ ಒಂದೇ ಕೊಳಗದಿಂದ ಅಳೆಯುವುದು ನ್ಯಾಯವಲ್ಲ. ಬಿಂಬವಿಜ್ಞಾನದ ಬಹುಪಾಲು ಕೆಲಸ ಗಣಿತದಲ್ಲಿಯೂ ಗಣಕಯಂತ್ರದಲ್ಲಿಯೂ ನಡೆಯುತ್ತದೆ. ಮಸೂರ, ಕ್ಯಾಮೆರಾಗಳ ಪ್ರಯೋಗಕ್ಕೆ ವರ್ಷಕ್ಕೆ ಕೆಲವು ವಾರ ಹತ್ತಿರದ ಕಾಲೇಜಿನ ಪ್ರಯೋಗಶಾಲೆಯನ್ನು ತೆರೆದಿಟ್ಟರೆ ಸಾಕಾದೀತು.

ಇನ್ನೊಂದು ಅಡಚಣೆ ಕಾನೂನಿನದಲ್ಲ, ನೆಲದ್ದು. 2020ರಲ್ಲಿ ಶಾಲಾಕಾಲೇಜುಗಳು ಮುಚ್ಚಿದಾಗ ಈ ಜಿಲ್ಲೆಯ ಮಕ್ಕಳು ಮೊಬೈಲಿಗೆ ಸಂಕೇತ ಸಿಗುವ ಗುಡ್ಡ ಹುಡುಕಿ ಹತ್ತಿದರು. ಕೊಡೆ ಹಿಡಿದು ಮಳೆಯಲ್ಲಿ ಪಾಠ ಕೇಳಿದರು. ಹಳೆಯ ಸೂಪಾ ಕಾಳಿಯ ಅಣೆಕಟ್ಟಿನಲ್ಲಿ ಮುಳುಗಿ, ನಾಡಿಗೆ ವಿದ್ಯುತ್ತು ಬಂದಿತು. ಆ ತ್ಯಾಗ ಮಾಡಿದ ತಾಲ್ಲೂಕಿನ ಮಕ್ಕಳು ಪಾಠಕ್ಕಾಗಿ ಗುಡ್ಡ ಹತ್ತಬೇಕಾದದ್ದು ನಾಡಿಗೆ ಶೋಭೆಯ ಸಂಗತಿಯಲ್ಲ.

ಆ ವಿದ್ಯಾರ್ಥಿನಿಗೆ ನಾನು ಹೇಳಿದ್ದು ಇಷ್ಟೆ: ಪಾಠ ಎಲ್ಲಿಂದ ಬಂದರೂ ಕಲಿ, ಹಣ ಕಟ್ಟುವ ಮೊದಲು ಮಾತ್ರ ಪದವಿಗೆ ಮಾನ್ಯತೆ ಇದೆಯೇ ಎಂದು ಲಿಖಿತವಾಗಿ ಕೇಳು. ಉಳಿದ ಮಾತು ವಿಶ್ವವಿದ್ಯಾನಿಲಯಗಳಿಗೆ ಸೇರಿದ್ದು. ಅಂಚೆಯ ಕಾಲದಲ್ಲಿ ಅವು ತಮ್ಮ ಪುಸ್ತಕವನ್ನು ಅಡವಿಯೂರಿಗೆ ಕಳುಹಿದವು, ಈಗ ದನಿಯನ್ನೂ ಚಿತ್ರವನ್ನೂ ಕಳುಹುತ್ತಿವೆ. ಇನ್ನು ಕಳುಹಬೇಕಾದುದು ನಂಬಿಕೆಯೊಂದೇ.